ಆರನೆಯ ಬೆರಳು

ಅಣ್ಣನನ್ನು ಕರೆದುಕೊಂಡು ಬಾ ಅಂತ ಅಮ್ಮ ಕಳಿಸುತ್ತಿದ್ದಳು
ದಿನಾ ಸಂಜೆ, ನೂಲು ತೆಗೆಯುವ ಒಲೆ ಆರುವ ಮೊದಲೇ.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಅಮಾನುಲ್ಲಾ ಭಾಯ್ ಅಂಗಡಿ. ಒಳಗೆ ಮೂರು ಟಿವಿ,
ಆರು ಹುಡುಗರು, ಅರ್ಧ ಗಂಟೆಗೆ ಎರಡು ರೂಪಾಯಿ.
ನಾನು ಹೊಸಿಲು ದಾಟುವಂತಿರಲಿಲ್ಲ.
ಯಾರೂ ಹೇಳಿರಲಿಲ್ಲ. ಆದರೂ ದಾಟುವಂತಿರಲಿಲ್ಲ.

ಚಲಪತೀ ಅಂತ ಕೂಗಿದರೆ
"ಒಂದೇ ಲೈಫು ಉಳಿದಿದೆ, ಇರು" ಅನ್ನುವನು.
ಆ ಒಂದು ಲೈಫಿನಷ್ಟು ಹೊತ್ತು ನನ್ನದು;
ಬೀದಿಗೆ ಮುಖ ಮಾಡಿದ್ದ ಗಾಜಿನ ಬೀರುವೂ ನನ್ನದು.

ಕ್ಯಾಸೆಟ್ಟು ಒಳಗೆ, ಖಾಲಿ ಡಬ್ಬಗಳು ಹೊರಗೆ.
ಎರಡು ಚಂದ್ರರ ನಡುವೆ ಹಾರುವ ಹೆಲಿಕಾಪ್ಟರು.
ಉಡದ ಮೇಲೆ ಕೂತು ಕತ್ತಿ ಬೀಸುವವನು, ಅವನೆದೆಯ ತುಂಬ
ಯಾರೋ ಬೆವರ ಹನಿ ಬರೆದಿದ್ದರು
ಒಂದೊಂದಕ್ಕೂ ಬೆಳಕಿನ ಚುಕ್ಕೆ ಇಟ್ಟು.
ಚಕ್ರಕ್ಕೆ ಬೆಂಕಿ ಹತ್ತಿದ ಕಾರು, ಕಿಟಕಿಯಲ್ಲಿ ನಗುವ ನಾಯಿ.
ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟದ ಡಬ್ಬದಲ್ಲಿ
ಜಾಗ ಸಾಲದೆ ಹೆಗಲ ಹಿಂದೆ ಹೆಗಲು ತೂರಿಸಿದ ಶೂರರು,
ಮದುವೆ ಫೋಟೋದ ಕೊನೆಯ ಸಾಲಿನವರ ಹಾಗೆ.
ಓದಲು ಬಾರದ ಅಕ್ಷರ. ಮೂಲೆಯಲ್ಲೊಂದು ಬೆಳ್ಳಿ ಮುದ್ರೆ,
ನಾನು ಕತ್ತು ವಾಲಿಸಿದರೆ ಬಣ್ಣ ಬದಲಿಸುವುದು.

ನನ್ನವಳು ಕೆಳಗಿನ ಖಾನೆಯಲ್ಲಿ.
ತಲೆಗೆ ಕೆಂಪು ವಸ್ತ್ರ ಕಟ್ಟಿ, ದೋಣಿಯಲ್ಲಿ ಎದ್ದು ನಿಂತು
ಬಿರುಗಾಳಿಗೆ ಕೈ ಎತ್ತಿದ್ದಳು,
ತಡೆಯುತ್ತಿದ್ದಳೋ ಕರೆಯುತ್ತಿದ್ದಳೋ.
ಆ ಕೈಗೆ ಆರು ಬೆರಳು.
ಬರೆದವನಿಗೆ ತೂಕಡಿಕೆ ಬಂದಿರಬೇಕು,
ಇಲ್ಲಾ ಅವನಿಗೊಬ್ಬನಿಗೇ ಏನೋ ಗೊತ್ತಿರಬೇಕು.
ಸಮುದ್ರ ಹಿಪ್ಪುನೇರಳೆ ಸೊಪ್ಪಿನ ಬಣ್ಣದ್ದು ಅಂತ
ನಾನು ಬಹಳ ದಿನ ನಂಬಿದ್ದು ಅವಳಿಂದ.

ದಾರಿಯಲ್ಲಿ ಕೇಳಿದೆ: ಅವಳು ದಡ ಸೇರಿದಳಾ?
"ಯಾವಳು?"
ದೋಣಿಯವಳು.
"ಅದಾ? ಅದರಲ್ಲಿ ಹೆಂಗಸೇ ಇಲ್ಲ ಕಣೇ. ಒಂದು ಹಳದಿ ಚುಕ್ಕಿ.
ಎಗರುತ್ತೆ, ಬೀಳುತ್ತೆ, ಅಷ್ಟೆ.
ಮೇಲೊಂದು ಚಿತ್ರ ಹಾಕಿ ಮೋಸ ಮಾಡ್ತಾರೆ."
ಇವನಿಗೆ ಆಡೋಕೆ ಬರಲ್ಲ ಅಂದುಕೊಂಡೆ.
ಸರಿಯಾಗಿ ಆಡುವವರಿಗೆ ಕಾಣಿಸುತ್ತಾಳೆ.

ಮೋಸ ಅಂದ. ನಮ್ಮೂರಲ್ಲಿ ನಿಂತು ಅಂದ.
ಇಲ್ಲಿ ಬೆಳಗಾದರೆ ಹರಾಜು ಕೂಗುವುದೇ ಹೊದಿಕೆಗೆ.
ಕಿವಿಯ ಹತ್ತಿರ ಹಿಡಿದು ಗಲಗಲ ಆಡಿಸಿ
ಅಪ್ಪ ಬೆಲೆ ಕಟ್ಟುತ್ತಿದ್ದುದು ಗೂಡಿಗೆ.
ಒಳಗಿದ್ದುದನ್ನು ಬೇಯಿಸಿ, ಸೋಸಿ
ಕೋಳಿಗೆ ಹಾಕುತ್ತಿದ್ದೆವು.

ಆಮೇಲೆ ಭಾಯ್ ಜೆರಾಕ್ಸ್ ಮಿಷನ್ ಇಟ್ಟರು.
ಡಬ್ಬಗಳು ಗೋಣಿಚೀಲದಲ್ಲಿ ನಮ್ಮನೆಗೇ ಬಂದವು, ಒಲೆಗೆ.
ಹೆಲಿಕಾಪ್ಟರು ಉರಿಯಿತು. ನಾಯಿ ನಗುತ್ತಲೇ ಉರಿಯಿತು.
ಬೆಳ್ಳಿ ಮುದ್ರೆ ನೀಲಿ ಜ್ವಾಲೆ ಕಾರಿ ಮುದುಡಿತು.
ಅವಳನ್ನು ಮಾತ್ರ ಲಂಗದ ನೆರಿಗೆಯಲ್ಲಿ ಅಡಗಿಸಿಕೊಂಡು
ಹಿತ್ತಲಿಗೆ ಓಡಿದೆ.

ಇಪ್ಪತ್ತೈದು ವರ್ಷದಿಂದ ಅದರಲ್ಲಿ
ಗುಂಡಿಗಳು, ಒಂಟಿ ಓಲೆ, ಅಪ್ಪನ ರೀಲರ್ ಲೈಸೆನ್ಸು.
ಮೂಲೆ ಸವೆದು ಒಳಗಿನ ಬೂದು ರಟ್ಟು ಹಣಿಕಿದೆ.
ಕೆಂಪು ವಸ್ತ್ರ ಈಗ ಗುಲಾಬಿ.

ಮೊನ್ನೆ ಚಲಪತಿಯ ಮಗ ಫೋನಿನಲ್ಲಿ ಹುಡುಕಿ ತೆಗೆದ:
"ಅತ್ತೆ, ನೋಡು, ನಿನ್ನ ದೋಣಿ."
ಡಬ್ಬವಿಲ್ಲ, ಗಾಜಿಲ್ಲ, ಉಗುರಿನಷ್ಟು ಒಂದು ಗುರುತು. ಒತ್ತಿದ.
ಹಳದಿ ಚುಕ್ಕಿ. ಎಗರಿತು. ಬಿತ್ತು.
ಅಣ್ಣ ಸುಳ್ಳು ಹೇಳಿರಲಿಲ್ಲ.
ಕೊಡು ಅಂದೆ. ನಲವತ್ತು ದಾಟಿದ ಮೇಲೆ
ಮೊದಲ ಸಲ ಆ ಹೊಸಿಲು ದಾಟಿ ಆಡಿದೆ.
ಮೂರು ಲೈಫು. ಮೂರೂ ನೀರಿಗೆ.
ಹುಡುಗ ನಕ್ಕ, ನಾನೂ ನಕ್ಕೆ.

ಡಬ್ಬದ ಹಿಂಬದಿಯಲ್ಲೂ ಇದೇ ಇದೆಯಂತೆ,
ಆಟದ ನಿಜವಾದ ಚಿತ್ರ, ಚೌಕ ಚೌಕವಾಗಿ.
ನಾನು ತಿರುಗಿಸಿ ನೋಡಿದವಳಲ್ಲ.
ಬೀರುವಿನಲ್ಲಿ ಅವಳ ಬೆನ್ನು ಗೋಡೆಗಿತ್ತು,
ಇಲ್ಲಿ ದೀಪದ ಗೂಡಿನಲ್ಲೂ ಹಾಗೇ ಇಟ್ಟಿದ್ದೇನೆ.
ಧೂಳು ಒರೆಸುವಾಗ ಒಮ್ಮೊಮ್ಮೆ ಬೆರಳು ಎಣಿಸುತ್ತೇನೆ,
ಯಾರಾದರೂ ತಿದ್ದಿಬಿಟ್ಟರೇನೋ ಅಂತ.

ಇನ್ನೂ ಆರೇ.